ಗೋಡೆಗೆ ಮೂರು ಬಡಿತ

ದಾರದಕ್ಕನ ಕೋಣೆಯನ್ನು ಬಾಡಿಗೆಗೆ ಕೊಡುವ ಮಾತು ಮೊದಲು ಬಂದದ್ದು ಊಟದ ಹೊತ್ತಿನಲ್ಲಿ. ತಮ್ಮನ ಹೆಂಡತಿಗೆ ಒಂದು ಅಭ್ಯಾಸವಿತ್ತು: ಕಷ್ಟದ ಮಾತು ಆಡಬೇಕಾದಾಗ ಕೇಳುವವರ ತಟ್ಟೆಗೆ ಒಂದು ಚಮಚ ಹೆಚ್ಚು ಬಡಿಸುತ್ತಿದ್ದಳು. ಆ ದಿನ ದಾರದಕ್ಕನ ತಟ್ಟೆಗೆ ಆಲೂಗಡ್ಡೆ ಎರಡು ಚಮಚ ಹೆಚ್ಚಾಗಿಯೇ ಬಿತ್ತು. ಏನೋ ಗ್ರಹಚಾರ ಕಾದಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು.

ದಾರದಕ್ಕ ಆ ಮನೆಯ ಹಿರಿಮಗಳು. ದೊಡ್ಡ ರಸ್ತೆಯಲ್ಲಿ ದಾರ, ಗುಂಡಿ, ಸೂಜಿ ಮಾರುವ ಅಂಗಡಿಯೊಂದರಲ್ಲಿ ಕೂದಲು ಕಪ್ಪಿದ್ದ ಕಾಲದಿಂದಲೂ ಕೆಲಸ ಮಾಡುತ್ತಿದ್ದಳು, ಅದರಿಂದ ಬಂದ ಹೆಸರು ಅದು. ಮದುವೆಯ ಮಾತು ಒಂದೆರಡು ಸಲ ಬಂದು ಬಾಗಿಲಲ್ಲೇ ನಿಂತು ಹೊರಟುಹೋಗಿತ್ತು. ಅಪ್ಪ ಅಮ್ಮ ಹೋದ ಮೇಲೆ ತಮ್ಮನ ಸಂಸಾರವೇ ಅವಳ ಸಂಸಾರ. ಅವನು ಶಾಲೆಯಲ್ಲಿ ಚರಿತ್ರೆ ಮೇಷ್ಟ್ರು. ಅದು ಸಾಲದು ಎಂಬಂತೆ ಬೀದಿ ಉಳಿಸುವ ಸಮಿತಿಯ ಕಾರ್ಯದರ್ಶಿಯೂ ಹೌದು. ಬೀದಿಯ ಕಿಟಕಿಗಳಿಗೆಲ್ಲ ಒಂದೇ ಬಣ್ಣ ಇರಬೇಕು, ಮುಂಬಾಗಿಲಲ್ಲಿ ಬಟ್ಟೆ ಒಣಹಾಕಬಾರದು, ಮಾಡಿಗೆ ಹಳೆಯ ಮಾದರಿಯ ಹೆಂಚೇ ಹೊದಿಸಬೇಕು ಎಂದೆಲ್ಲ ಕಚೇರಿ ಕಚೇರಿ ಅಲೆದು ನಿಯಮ ಮಾಡಿಸಿದವನು ಅವನೇ. ಈಗ ಅವನ ಮನೆಯ ಮಾಡೇ ಸೋರುತ್ತಿತ್ತು. ಹಳೆಯ ಮಾದರಿಯ ಹೆಂಚಿನ ಬೆಲೆ ಕೇಳಿ ಬಂದ ದಿನ ಅವನು ಊಟ ಮಾಡದೆ ಮಲಗಿದ್ದ.

ಅದಕ್ಕೇ ಈ ಉಪಾಯ. ಬೀದಿಯ ಬೇರೆ ಮನೆಗಳಲ್ಲಿ ನಡೆಯುತ್ತಿರುವಂತೆ ನಾವೂ ಒಂದು ಕೋಣೆಯನ್ನು ಪ್ರವಾಸಿಗರಿಗೆ ಕೊಡೋಣ, ಕೆಳಗಿನ ಕೋಣೆಯೇ ಅನುಕೂಲ, ಅದರ ಹಳೆಯ ಮರದ ಬೀರು ಎಲ್ಲರಿಗೂ ಇಷ್ಟವಾಗುತ್ತೆ, ಅಡುಗೆಮನೆಯ ಮೇಲಿನ ಅಟ್ಟವನ್ನು ಗುಡಿಸಿ ಅತ್ತಿಗೆಗೆ ಹಾಸಿಗೆ ಹಾಕಿಕೊಟ್ಟರಾಯಿತು, ಮಾಡು ರಿಪೇರಿಯಾಗುವವರೆಗೆ ಮಾತ್ರ ಎಂದು ನಾದಿನಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಮ್ಮನೋ, ತಟ್ಟೆಯಲ್ಲಿದ್ದ ಈರುಳ್ಳಿಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಾ ಕೂತಿದ್ದ.

ದಾರದಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಬೆಳಿಗ್ಗೆ ಗೋಡೆಗೆ ಯಾರು ಉತ್ತರ ಕೊಡ್ತಾರೆ?"

"ಬಂದವರೇ ಕೊಡ್ತಾರೆ ಅತ್ತೆ," ಎಂದಳು ತಮ್ಮನ ಮಗಳು. ಅವಳು ವಾರದ ಕೊನೆಯಲ್ಲಿ ಪ್ರವಾಸಿಗರಿಗೆ ಬೀದಿ ತೋರಿಸುವ ಕೆಲಸ ಮಾಡುತ್ತಿದ್ದಳು. "ಅವರಿಗೆ ಅದೇ ಅಲ್ವಾ ಬೇಕಾಗಿರೋದು."

ಈ ಗೋಡೆಯ ಸಮಾಚಾರ ಸ್ವಲ್ಪ ಹೇಳಬೇಕು. ಆ ಬೀದಿಯ ಮನೆಗಳು ಒಂದರ ಪಕ್ಕೆಗೆ ಒಂದು ಅಂಟಿಕೊಂಡಿದ್ದವು. ಇಬ್ಬರಿಗೂ ಸೇರಿ ಒಂದೇ ಗೋಡೆ. ಇಲ್ಲಿ ಕೆಮ್ಮಿದರೆ ಪಕ್ಕದ ಮನೆಯಲ್ಲಿ ನೀರು ಬಿಸಿಗಿಡುತ್ತಿದ್ದರು. ಹಿಂದೆ ಯಾವುದೋ ಕೆಟ್ಟ ಜ್ವರದ ವರ್ಷದಲ್ಲಿ ಒಬ್ಬಂಟಿ ಮುದುಕಿಯೊಬ್ಬಳು ಸತ್ತದ್ದು ಎಷ್ಟೋ ದಿನ ಯಾರಿಗೂ ತಿಳಿಯಲಿಲ್ಲವಂತೆ. ಆ ನಾಚಿಕೆಯಿಂದ ಬೀದಿಯವರು ಒಂದು ರೂಢಿ ಮಾಡಿಕೊಂಡರು. ಬೆಳಿಗ್ಗೆ ಎದ್ದವರು ಪಕ್ಕದ ಗೋಡೆಗೆ ಮೂರು ಸಲ ಬಡಿಯಬೇಕು. ಆಚೆಯವರು ಎರಡು ಸಲ ಬಡಿದು ಉತ್ತರ ಕೊಡಬೇಕು, ಆಮೇಲೆ ತಮ್ಮ ಇನ್ನೊಂದು ಗೋಡೆಗೆ ಮೂರು ಬಡಿಯಬೇಕು. ಹೀಗೆ ಬಡಿತ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಯಾವ ಮನೆಯಿಂದ ಬಡಿತ ಬರಲಿಲ್ಲವೋ ಅಲ್ಲಿಗೆ ಪಕ್ಕದವರು ಹೋಗಿ ನೋಡಬೇಕು. ಅದಕ್ಕಾಗಿ ಪ್ರತಿ ಮನೆಯ ಇನ್ನೊಂದು ಬೀಗದಕೈ ಪಕ್ಕದ ಮನೆಯ ಮೊಳೆಯಲ್ಲಿ ತೂಗುತ್ತಿತ್ತು.

ಈಗ ಬೀದಿಯ ಮನೆಗಳೆಲ್ಲ ಪ್ರವಾಸಿಗರು ತಂಗುವ ಮನೆಗಳಾಗಿದ್ದವು. ಹೊರಗಿನಿಂದ ನೋಡಿದರೆ ಒಂದು ಇಟ್ಟಿಗೆಯೂ ಕದಲಿರಲಿಲ್ಲ, ಒಳಗೆ ಮಾತ್ರ ವಾರಕ್ಕೊಂದು ಮುಖ. ಹಳಬರು ಉಳಿದದ್ದು ಎರಡೇ ಮನೆ. ಒಂದು ಇವರದು, ಇನ್ನೊಂದು ಪಕ್ಕದ ಕಂಡಕ್ಟರದು. ಕಂಡಕ್ಟರು ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದಳು, ಮಕ್ಕಳಿರಲಿಲ್ಲ. ಟಿಕೆಟ್ಟಿಗೆ ತೂತು ಹೊಡೆಯುವ ಹಳೆಯ ಕಬ್ಬಿಣದ ಇಕ್ಕಳವನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು, ಬೆಳಿಗ್ಗೆ ಅದರಿಂದಲೇ ಟಣ್ ಟಣ್ ಟಣ್ ಎಂದು ಗೋಡೆಗೆ ಬಡಿಯುತ್ತಿದ್ದರು. ದಾರದಕ್ಕ ಬೆರಳ ಗೆಣ್ಣಿನಿಂದ ಎರಡು ಬಡಿಯುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಹಾಲು ಬಂತೇ, ನೀರು ಬಂತೇ ಎನ್ನುವಷ್ಟೇ ಮಾತು. ಆದರೆ ಇಡೀ ದಿನದಲ್ಲಿ ಅವಳೊಬ್ಬಳಿಗಾಗಿ ಈ ಲೋಕದಲ್ಲಿ ಯಾರಾದರೂ ಮಾಡುತ್ತಿದ್ದ ಕೆಲಸವೆಂದರೆ ಅದೊಂದೇ. ಅದಿಲ್ಲದಿದ್ದರೆ ಬೆಳಗಾಯಿತು ಅಂತಲೇ ಅವಳಿಗೆ ಅನಿಸುತ್ತಿರಲಿಲ್ಲ.

ಹಾಗಿದ್ದರೂ ಅವಳು ಆಯ್ತು ಎಂದಳು. ತಮ್ಮನ ಮನೆಯಲ್ಲಿ ಇರುವವಳು ಆಯ್ತು ಎನ್ನದೆ ಇನ್ನೇನು ಅಂದಾಳು. ಮರುದಿನ ಹೊಲಿಗೆ ಮಿಷನ್ನು, ಟ್ರಂಕು, ಹಾಸಿಗೆ ಎಲ್ಲ ಅಟ್ಟಕ್ಕೆ ಏರಿದವು. ಅಟ್ಟದಲ್ಲಿ ನೆಟ್ಟಗೆ ನಿಂತರೆ ತಲೆಗೆ ತೊಲೆ ತಾಗುತ್ತಿತ್ತು. ಅಲ್ಲಿ ಯಾರ ಗೋಡೆಯೂ ಇರಲಿಲ್ಲ, ಸುತ್ತ ಹಲಗೆ ಮಾತ್ರ.

ಅತಿಥಿಗಳು ಬರತೊಡಗಿದರು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅವರಿಗೆ ಚಹಾ, ಬ್ರೆಡ್ಡು, ಮೊಟ್ಟೆ ಮಾಡಿಕೊಡುವ ಕೆಲಸ ಹೇಗೋ ದಾರದಕ್ಕನ ತಲೆಗೇ ಬಂತು. ಯಾರೂ ಹೇಳಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ನಾದಿನಿ ಹಾಸಿಗೆಯ ಬಟ್ಟೆ ಒಗೆದು ಒಗೆದು ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಳು. ಹೆಂಚಿನ ಆಸೆಗೆ ಮನೆಯವರೆಲ್ಲ ಆಳುಗಳಾದೆವು ಎಂದು ಗಂಡನ ಮೇಲೆ ಹರಿಹಾಯುತ್ತಿದ್ದಳು. ತಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅತಿಥಿಗಳಿಗೆ ಬೀದಿಯ ಚರಿತ್ರೆ ಹೇಳುತ್ತಾ ಕೂರುತ್ತಿದ್ದ.

ತೊಂದರೆ ಕೊಟ್ಟದ್ದು ಗೋಡೆಯೇ. ಕಂಡಕ್ಟರು ಒಂದು ದಿನ ನಸುಕಿನಲ್ಲೇ ಟಣ್ ಟಣ್ ಎನ್ನಿಸಿ ಅತಿಥಿಗಳನ್ನು ಬೆಚ್ಚಿಬೀಳಿಸುತ್ತಿದ್ದರು, ಇನ್ನೊಂದು ದಿನ ಅತಿಥಿಗಳು ಬೀದಿ ಸುತ್ತಲು ಹೊರಟ ಮೇಲೆ ಬಡಿಯುತ್ತಿದ್ದರು. ಕಾಲುನೋವು ಹೆಚ್ಚಾದ ದಿನ ಏಳುವುದೇ ತಡ. ನಿದ್ದೆ ಕೆಟ್ಟಿತು ಎಂದು ಕೆಲವರ ದೂರು, ಬಡಿತ ಕೇಳಿಸಲೇ ಇಲ್ಲ ಎಂದು ಉಳಿದವರ ದೂರು. ತಮ್ಮ ಕಂಡಕ್ಟರ ಮನೆಗೆ ಹೋಗಿ, ದಿನವೂ ತಿಂಡಿಯ ಹೊತ್ತಿಗೆ ಸರಿಯಾಗಿ ಬಡಿಯಲು ಆಗುತ್ತದೆಯೇ ಎಂದು ಕೇಳಿ ಬಂದ. ನನ್ನ ಬಸ್ಸೇ ಒಂದು ದಿನ ಹೊತ್ತಿಗೆ ಸರಿಯಾಗಿ ಹೊರಟಿದ್ದಿಲ್ಲ, ನಾನು ಹೇಗೆ ಹೊರಡಲಿ ಎಂದು ಅವರು ನಕ್ಕರಂತೆ. ಅದನ್ನು ಊಟದ ಹೊತ್ತಿನಲ್ಲಿ ಹೇಳಿ ತಮ್ಮನೂ ನಕ್ಕ. ದಾರದಕ್ಕನಿಗೂ ನಗು ಬಂತು.

ಕೆಲವು ದಿನಗಳಲ್ಲಿ ಅದೂ ಸರಿಹೋಯಿತು. ಅವಳು ಒಲೆಗೆ ಬಾಣಲೆ ಇಡುವ ಹೊತ್ತಿಗೆ ಕೋಣೆಯ ಕಡೆಯಿಂದ ಮೂರು ಬಡಿತ ಕೇಳಿಸುತ್ತಿತ್ತು. ಅದರ ಹಿಂದೆಯೇ ಅತಿಥಿಗಳ ನಗು, ಎರಡು ಬಡಿತ. ಬಡಿತ ಮೊದಲಿನ ಹಾಗೆ ಟಣ್ ಎನ್ನುತ್ತಿರಲಿಲ್ಲ, ಮೊಂಡಾಗಿ ಟಕ್ ಎನ್ನುತ್ತಿತ್ತು. ಕೈಯಲ್ಲಿ ಶಕ್ತಿ ಕಮ್ಮಿಯಾಗಿದೆ, ಇಕ್ಕಳ ಬಿಟ್ಟು ಮುಷ್ಟಿಯಲ್ಲಿ ಬಡಿಯುತ್ತಿರಬೇಕು ಎಂದುಕೊಂಡಳು. ಪಾಪ, ತಮ್ಮನ ಮಾತಿಗೆ ಕಟ್ಟುಬಿದ್ದು ಹೊತ್ತಿಗೆ ಸರಿಯಾಗಿ ಏಳುತ್ತಿದ್ದಾರಲ್ಲ ಎಂದು ಅವಳಿಗೆ ಮರುಕವೂ ಆಯಿತು. ಅಡುಗೆಮನೆಯಲ್ಲೇ ನಿಂತು, ಯಾರಿಗೂ ಕೇಳಿಸದಂತೆ ಒಲೆಯ ಕಟ್ಟೆಗೆ ಬೆರಳಿನಿಂದ ಎರಡು ಸಲ ಬಡಿದು, ಆಮೇಲೆ ಮೊಟ್ಟೆ ಒಡೆಯುತ್ತಿದ್ದಳು.

ಅದೇ ದಿನಗಳಲ್ಲಿ ಒಂದು ಪರದೆ ಹೊಲಿಯಲು ಕೂತರೆ ಮಿಷನ್ನಿನ ಮೋಟಾರೇ ಇರಲಿಲ್ಲ. ಏನೋ ಕೆಲಸಕ್ಕೆ ನಾನೇ ತಗೊಂಡಿದ್ದೀನಿ ಅತ್ತೆ, ಕೊಡ್ತೀನಿ ಎಂದಳು ಹುಡುಗಿ. ದಾರದಕ್ಕ ಪರದೆಯನ್ನು ಕೈಯಲ್ಲೇ ಹೊಲಿದಳು.

ಒಂದು ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಕಂಡಕ್ಟರು ಸಿಕ್ಕರು. ಕೋಲು ಹಿಡಿದಿದ್ದರು, ಸ್ವೆಟರಿನ ಗುಂಡಿಗಳನ್ನು ಒಂದು ತೂತು ತಪ್ಪಿ ಹಾಕಿಕೊಂಡಿದ್ದರು. ಸರಿಮಾಡಿಕೊಳ್ಳಿ ಎನ್ನಲು ಅವಳ ಬಾಯಿಗೆ ಬಂತು, ಬೀದಿಯಲ್ಲಿ ನಿಂತು ಹೇಗೆ ಹೇಳುವುದೆಂದು ಸುಮ್ಮನಾದಳು.

"ನೀವು ಈಗೀಗ ತಡವಾಗಿ ಏಳ್ತೀರಿ," ಎಂದರು ಕಂಡಕ್ಟರು.

ಅತಿಥಿಗಳು ತಡವಾಗಿ ಉತ್ತರ ಕೊಡುವುದರಿಂದ ಹೀಗೆನ್ನುತ್ತಿದ್ದಾರೆ ಎಂದುಕೊಂಡಳು ದಾರದಕ್ಕ. ನನ್ನನ್ನು ಅಟ್ಟಕ್ಕೆ ಏರಿಸಿದ್ದಾರೆ, ಉತ್ತರ ಕೊಡುವವಳು ನಾನಲ್ಲ ಎಂದು ಹೇಳಬಹುದಿತ್ತು. ನಾಚಿಕೆಯಾಯಿತು. ಸ್ವಂತ ಮನೆಯಲ್ಲಿ ಒಂದು ಗೋಡೆಯೂ ಉಳಿಯದವಳು ಎಂದು ಹೊರಗಿನವರ ಮುಂದೆ ಯಾಕೆ ತೋರಿಸಿಕೊಳ್ಳಬೇಕು.

"ವಯಸ್ಸಾಯ್ತಲ್ಲ," ಎಂದಳು.

"ನನ್ನದು ಕೇಳಿಸುತ್ತಾ?"

"ಕೇಳಿಸುತ್ತೆ."

"ಈಗ ಮೆಲ್ಲಗೆ ಬಡೀತೀನಿ. ಮನೇಲಿ ನೆಂಟರಿದ್ದಾರಂತಲ್ಲ," ಎಂದು ಕಂಡಕ್ಟರು ಇನ್ನೂ ಏನೋ ಹೇಳಲು ಹೊರಟು, ಹಾಲಿನ ಪಾತ್ರೆಯನ್ನು ಕೈಯಿಂದ ಕೈಗೆ ಬದಲಾಯಿಸಿ, ಬಿಡಿ ಎನ್ನುವ ಹಾಗೆ ತಲೆಯಾಡಿಸಿ ಹೊರಟುಹೋದರು.

ಚಳಿ ಬಿಗಿಯಾಯಿತು. ಅಂಗಡಿಯಲ್ಲಿ ಉಣ್ಣೆಯ ದಾರಕ್ಕೆ ನೂಕುನುಗ್ಗಲು. ದಾರದಕ್ಕ ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು, ಪಕ್ಕದ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಒಂದು ದಿನ ಹಾಲಿನವನು, ನಿಮ್ಮ ಪಕ್ಕದ ಮನೆಯವರು ಕಾಣಿಸುತ್ತಿಲ್ಲವಲ್ಲ, ಊರಲ್ಲಿಲ್ಲವೇ ಎಂದು ವಿಚಾರಿಸಿದ. ಇದ್ದಾರೆ, ಬೆಳಿಗ್ಗೆ ತಾನೇ ಗೋಡೆ ಬಡಿದರಲ್ಲ, ಚಳಿಗೆ ಹೊರಗೆ ಬಂದಿರಲಿಕ್ಕಿಲ್ಲ ಎಂದಳು ಅವಳು. ಸಂಜೆ ಒಂದು ಲೋಟ ಹಾಲು ಕೊಟ್ಟು ಬರಬೇಕು ಎಂದುಕೊಂಡಳು. ಸಂಜೆ ಹೊಸ ಅತಿಥಿಗಳು ಬಂದರು, ಹಾಸಿಗೆಯ ಬಟ್ಟೆ ಒಣಗಿರಲಿಲ್ಲ, ನಾದಿನಿಗೂ ಮಗಳಿಗೂ ಜಗಳ ಹತ್ತಿಕೊಂಡಿತು. ಹಾಲಿನ ವಿಷಯ ಮರೆತೇಹೋಯಿತು. ಮರುದಿನ ಬೆಳಿಗ್ಗೆ ಬಡಿತ ಕೇಳಿಸಿತು, ಅವಳೂ ನಿಶ್ಚಿಂತೆಯಿಂದ ಬ್ರೆಡ್ಡು ಕೊಯ್ದಳು.

ಅದಾದ ಮೇಲೆ ಒಂದು ಬೆಳಿಗ್ಗೆ ಬಡಿತ ಬರಲಿಲ್ಲ. ಚಹಾ ಕುದಿಯಿತು, ಮೊಟ್ಟೆ ಬೆಂದಿತು. ಅತಿಥಿ ದಂಪತಿಗಳು ಗೋಡೆಗೆ ಕಿವಿಯಿಟ್ಟು ಕಾದು, ಬೇಸರವಾಗಿ ತಿಂಡಿಗೆ ಬಂದು ಕೂತರು. ದಾರದಕ್ಕ ಒಲೆ ಆರಿಸಿ, ಕೈ ತೊಳೆದು, ಮೊಳೆಯಿಂದ ಪಕ್ಕದ ಮನೆಯ ಬೀಗದಕೈ ತೆಗೆದುಕೊಂಡಳು. ಬಾಗಿಲ ಬಳಿ ಹುಡುಗಿ ಎದುರಾಗಿ, ಎಲ್ಲಿಗೆ ಎಂದು ಕೇಳಿದಳು. ಬಡಿತ ಬಂದಿಲ್ಲ, ನೋಡಿಬರ್ತೀನಿ ಎಂದಳು ಅತ್ತೆ.

ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕರೆಂಟ್ ಹೋಗಿದೆ ಅತ್ತೆ. ಬಂದ ಮೇಲೆ ಬಡಿಯುತ್ತೆ."

"ಏನು ಬಡಿಯುತ್ತೆ?"

ಆಗ ಹುಡುಗಿ ತಲೆ ಎತ್ತಿದಳು. ತಮ್ಮ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತ. ದಾರದಕ್ಕ ಕೋಣೆಗೆ ಹೋದಳು. ಅತಿಥಿಗಳ ಚೀಲಗಳನ್ನು ಪಕ್ಕಕ್ಕೆ ಸರಿಸಿ, ಬೀರುವಿನ ಬಾಗಿಲು ಎಳೆದಳು. ಅದಕ್ಕೆ ಹೊಸ ಬೀಗ ಬಿದ್ದಿತ್ತು. ತೆಗಿ ಎಂದಳು. ಹುಡುಗಿ ತೆಗೆದಳು. ಒಳಗೆ ಗೋಡೆಗೆ ಒತ್ತಿ ಒಂದು ಹಲಗೆ, ಹಲಗೆಯ ಮೇಲೆ ಒಂದು ಮರದ ಸುತ್ತಿಗೆ, ಅದನ್ನು ಎತ್ತಿ ಬಡಿಯಲು ದಾರದಕ್ಕನ ಹೊಲಿಗೆ ಮಿಷನ್ನಿನ ಮೋಟಾರು, ಪಕ್ಕದಲ್ಲಿ ಒಂದು ಗಡಿಯಾರ.

ಅತಿಥಿಗಳ ನಿದ್ದೆ ಕೆಡಬಾರದು ಅಂತ ಮಾಡಿದ್ದು, ನೀವು ಇನ್ನು ಬಡಿಯುವುದು ಬೇಡ, ಆರಾಮಾಗಿ ಮಲಗಿ ಎಂದು ಕಂಡಕ್ಟರಿಗೂ ಹೇಳಿದ್ದೆ ಎಂದ ತಮ್ಮ. ಅವನ ತುಟಿಯಲ್ಲಿ ಇನ್ನೂ ನೊರೆಯಿತ್ತು.

"ಇದು ಬಡಿಯುತ್ತೆ ಅಂತ ಹೇಳಿದ್ಯಾ?"

"ಅದನ್ನ ಯಾಕೆ ಹೇಳೋದು ಅಕ್ಕ, ಬೇಜಾರಾಗ್ತಾರೆ ಅಂತ..."

ನೀವು ಈಗೀಗ ತಡವಾಗಿ ಏಳ್ತೀರಿ. ಹಾಲಿನ ಅಂಗಡಿಯ ಮುಂದೆ ಕೇಳಿದ ಮಾತು ಈಗ ಅವಳಿಗೆ ಅರ್ಥವಾಯಿತು. ಸುತ್ತಿಗೆಯ ಸದ್ದು ಗೋಡೆಯ ಆಚೆಗೂ ಕೇಳಿಸಿತ್ತು. ಅದನ್ನು ಕಂಡಕ್ಟರು ಇವಳದೆಂದುಕೊಂಡಿದ್ದರು, ಇವಳು ಅವರದೆಂದುಕೊಂಡಿದ್ದಳು. ನಡುವೆ ಒಂದು ಮೋಟಾರು ಇಬ್ಬರಿಗೂ ಕ್ಷೇಮಸಮಾಚಾರ ಹೇಳುತ್ತಾ ಕೂತಿತ್ತು.

"ಅವರನ್ನ ಯಾರು ಯಾವತ್ತು ಕೊನೆಗೆ ನೋಡಿದ್ರಿ?" ಎಂದು ಕೇಳಿದಳು. ನಾದಿನಿ ಗಂಡನ ಮುಖ ನೋಡಿದಳು, ಗಂಡ ಮಗಳ ಮುಖ ನೋಡಿದ. ಯಾರಿಗೂ ನೆನಪಿರಲಿಲ್ಲ.

ದಾರದಕ್ಕ ಪಕ್ಕದ ಮನೆಯ ಬೀಗ ತೆಗೆದು ಒಳಗೆ ಹೋದಾಗ ಕಂಡಕ್ಟರು ಹಾಸಿಗೆಯಲ್ಲಿದ್ದರು. ಕುತ್ತಿಗೆಯವರೆಗೆ ಕಂಬಳಿ ಹೊದ್ದು, ಗೋಡೆಯ ಕಡೆಗೆ ಮಗ್ಗುಲಾಗಿ ಮಲಗಿದ್ದರು. ವಾರದ ನಡುವೆ ಎಂದೋ ನಿದ್ದೆಯಲ್ಲೇ ಹೋಗಿದ್ದಾರೆ, ಚಳಿಗೆ ದೇಹ ಕೆಟ್ಟಿಲ್ಲ ಎಂದರು ಆಮೇಲೆ ಬಂದ ಡಾಕ್ಟರು. ಅಷ್ಟು ದಿನವೂ ಈ ಗೋಡೆಯ ಆಚೆ ಸುತ್ತಿಗೆಯ ಮೂರು ಬಡಿತಕ್ಕೆ ಎರಡು ಬಡಿದು ಉತ್ತರ ಕೊಟ್ಟು ನಕ್ಕವರಿದ್ದರು. ಹಾಸಿಗೆಯ ತಲೆಭಾಗ ಸರಿಯಾಗಿ ದಾರದಕ್ಕನ ಹಳೆಯ ಹಾಸಿಗೆಯ ತಲೆಭಾಗದ ನೇರಕ್ಕಿತ್ತು. ನಡುವೆ ಒಂದು ಗೇಣು ಇಟ್ಟಿಗೆ. ಇಷ್ಟು ವರ್ಷ ಇಷ್ಟು ಹತ್ತಿರ ಮಲಗುತ್ತಿದ್ದೆವು ಎಂದು ಅವಳಿಗೆ ಗೊತ್ತೇ ಇರಲಿಲ್ಲ, ಆ ಮನೆಯ ಒಳಕೋಣೆಗೆ ಅವಳು ಕಾಲಿಟ್ಟದ್ದೇ ಅವತ್ತು.

ದಿಂಬಿನ ಪಕ್ಕ ಇಕ್ಕಳ ಇತ್ತು. ಅದರ ಮೂತಿಗೆ ಹಳೆಯ ಕಾಲುಚೀಲ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿತ್ತು. ಬಡಿಯುವುದು ಬೇಡ ಎಂದು ತಮ್ಮ ಹೇಳಿದ ಮೇಲೆ, ನೆಂಟರಿಗೆ ಕೇಳಿಸದ ಹಾಗೆ, ಅವಳೊಬ್ಬಳಿಗೆ ಕೇಳಿಸಲಿ ಎಂದು ಕಟ್ಟಿಕೊಂಡದ್ದು. ದಾರದಕ್ಕ ಮುಖಕ್ಕೆ ಸೆರಗೊತ್ತಿಕೊಂಡು, ಡಾಕ್ಟರು ಬರುವವರೆಗೂ ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ದೂರದ ಊರಿನಿಂದ ಕಂಡಕ್ಟರ ಅಣ್ಣನ ಮಗನೊಬ್ಬ ಬಂದು ಕಾರ್ಯ ಮುಗಿಸಿ, ಮನೆಯನ್ನು ತಂಗುವ ಮನೆ ನಡೆಸುವವರಿಗೆ ಒಪ್ಪಿಸುವ ಮಾತಾಡಿ ಹೋದ. ಸಮಿತಿಯ ಸಭೆ ಸೇರಿತು. ಅಲ್ಲಿ ಆದದ್ದನ್ನು ತಮ್ಮ ಊಟದ ಹೊತ್ತಿನಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿದ. ಕಂಡಕ್ಟರ ಹೆಸರಿನಲ್ಲಿ ಬಾಗಿಲಿಗೊಂದು ಫಲಕ ಹಾಕಿಸುತ್ತಾರಂತೆ. ಬಡಿತವನ್ನು ಮಾತ್ರ ನಿಲ್ಲಿಸುವುದು ಬೇಡ, ಅದು ಬೀದಿಯ ಆಸ್ತಿ, ಅವರ ನೆನಪಿಗಾಗಿ ನಡೆಸಿಕೊಂಡು ಹೋಗೋಣ ಎಂದು ಎಲ್ಲರ ಅಭಿಪ್ರಾಯವಂತೆ.

ದಾರದಕ್ಕ ತಟ್ಟೆ ಸರಿಸಿದಳು. "ಯಾರು ಬದುಕಿದ್ದಾರೆ ಅಂತ ಬಡಿಯೋದು?"

ಹುಡುಗಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೀರುವಿನಿಂದ ಸ್ಕ್ರೂ ಬಿಚ್ಚುವ ಸದ್ದು ಕೇಳಿಸಿತು.

"ನನ್ನ ಕೋಣೆ ನನಗೆ ಬೇಕು," ಎಂದಳು ದಾರದಕ್ಕ. ಆ ಮನೆಯಲ್ಲಿ ಅವಳು ಹಿಂದೆ ಯಾವತ್ತಾದರೂ ಏನನ್ನಾದರೂ ಬೇಕು ಎಂದದ್ದು ಯಾರಿಗೂ ನೆನಪಿರಲಿಲ್ಲ.

"ಮಾಡು ಸೋರುತ್ತಲ್ಲ ಅತ್ತಿಗೆ," ಎಂದಳು ನಾದಿನಿ. ಜಗಳದ ದನಿಯಲ್ಲ, ದಣಿದ ದನಿ.

"ಸೋರಲಿ. ಬಕೆಟ್ ಇಡ್ತೀನಿ."

ನಾದಿನಿ ಪಾತ್ರೆಯಲ್ಲಿ ಚಮಚ ಆಡಿಸಿದಳು. ಎರಡನೇ ಸಲ ಬಡಿಸಲಿಲ್ಲ, ಪಾತ್ರೆಯನ್ನು ಮುಚ್ಚಿಟ್ಟಳು.

ಟ್ರಂಕು ಕೆಳಗಿಳಿಯಿತು. ಮಿಷನ್ನೂ ಇಳಿಯಿತು, ಮೋಟಾರು ಅದರ ಜಾಗಕ್ಕೆ ಬಂತು. ದಾರದಕ್ಕ ಹಾಸಿಗೆಯನ್ನು ಹಳೆಯ ಜಾಗದಲ್ಲೇ ಹಾಕಿಕೊಂಡಳು. ಬೆಳಿಗ್ಗೆ ಎಂದಿನಂತೆ ಎಚ್ಚರವಾಯಿತು. ಗೋಡೆ ಸುಮ್ಮನಿತ್ತು. ಎದ್ದು ಏನು ಮಾಡುವುದೆಂದು ತೋಚದೆ ಹಾಗೇ ಮಲಗಿದಳು. ಅವತ್ತು ಅಂಗಡಿಗೆ ರಜೆ. ನೋಡೋಣ, ಬಡಿತವಿಲ್ಲದ ಮನೆಗೆ ಯಾರಾದರೂ ಬಂದು ನೋಡುತ್ತಾರೋ ಎಂದು ಮನಸ್ಸಿಗೆ ಬಂತು. ಮುದುಕಿಯಾಗುತ್ತಾ ಬಂದು ಇದೆಂಥ ಹಟ ಎಂದು ತನ್ನ ಮೇಲೆಯೇ ಅವಳಿಗೆ ಬೇಸರವಾಯಿತು, ಆದರೂ ಏಳಲಿಲ್ಲ.

ನಲ್ಲಿ ಬಿಟ್ಟ ಸದ್ದು ಕೇಳಿಸಿತು. ತಮ್ಮ ಕೆಮ್ಮಿದ, ಚಪ್ಪಲಿ ಹುಡುಕಿದ, ಹೊರಗೆ ಹೋದ. ಕಿಟಕಿಯಾಚೆ ಹುಡುಗಿ ಪ್ರವಾಸಿಗರ ಗುಂಪಿಗೆ ಹೇಳುತ್ತಿದ್ದಳು, ಈ ಬೀದಿಯಲ್ಲಿ ಬೆಳಿಗ್ಗೆ ಒಂದು ಮನೆ ಇನ್ನೊಂದು ಮನೆಯ ಗೋಡೆ ಬಡಿಯುತ್ತಿತ್ತು, ಬಡಿತ ಕೇಳಿಸದಿದ್ದರೆ ಪಕ್ಕದವರು ಬಂದು ನೋಡುತ್ತಿದ್ದರು ಎಂದು. ಅಲ್ಲಿ ಅವಳ ದನಿ ಸ್ವಲ್ಪ ತಡವರಿಸಿತು. ಆಮೇಲೆ ಬನ್ನಿ, ಮುಂದಿನ ಮನೆ ನೋಡೋಣ ಎಂದಳು. ಗುಂಪಿನ ಹೆಜ್ಜೆಗಳು ದೂರವಾದವು. ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಬಂತು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನಾದಿನಿ ನಿಂತಿದ್ದಳು, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ನೋಡುವುದಕ್ಕೆ ಬಂದಳೋ ಗುಡಿಸುವುದಕ್ಕೆ ಬಂದಳೋ ದಾರದಕ್ಕನಿಗೆ ತಿಳಿಯಲಿಲ್ಲ.

"ಎದ್ದಿದ್ದೀನಿ," ಎಂದಳು, ಎದ್ದು ಕಾಲು ಇಳಿಬಿಟ್ಟು ಕೂರುತ್ತಾ.

"ಗೊತ್ತು. ಕಾಲು ಎತ್ತಿ."

ದಾರದಕ್ಕ ಕಾಲು ಮೇಲಕ್ಕೆ ಎಳೆದುಕೊಂಡಳು. ನಾದಿನಿ ಬಗ್ಗಿ ಮಂಚದ ಕೆಳಗೆ ಪೊರಕೆ ಆಡಿಸಿದಳು. ಪೊರಕೆಯ ಹಿಡಿ ಗೋಡೆಗೆ ತಗುಲಿತು, ಟಕ್, ಟಕ್ ಎಂದು. ನಾದಿನಿಯ ಕೈ ನಿಂತಿತು. ಇಬ್ಬರೂ ಗೋಡೆಯ ಕಡೆ ನೋಡಿದರು. ಆಚೆಯಿಂದ ಏನೂ ಬರಲಿಲ್ಲ.

ನಾದಿನಿ ಕಸವನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಬೆನ್ನು ತಿರುಗಿಸಿ ನಿಂತೇ ಹೇಳಿದಳು. "ನಾಳೆಯಿಂದ ಎದ್ದ ತಕ್ಷಣ ಅಡುಗೆಮನೆಗೆ ಬಂದು ಮುಖ ತೋರಿಸಿ ಹೋಗಿ ಅತ್ತಿಗೆ. ನನಗೆ ನೂರೆಂಟು ಕೆಲಸ ಇರುತ್ತೆ. ದಿನಾ ಬಂದು ನೋಡೋಕೆ ಆಗಲ್ಲ."

"ಆಯ್ತು," ಎಂದಳು ದಾರದಕ್ಕ, ಮಡಚಿದ ಕಾಲನ್ನು ಕೆಳಗಿಳಿಸುತ್ತಾ.